ಸರ್ವರ್‌ಲೆಸ್ ಕಂಟೇನರುಗಳ ಕಾರ್ಯಪರಿಶೀಲನೆ

ಸರ್ವರ್‌ಲೆಸ್ ಎಂಬ ಹೆಸರನ್ನು ಕೇಳಿದೊಡನೆ ಅಲ್ಲಿ ಸರ್ವರುಗಳೇ ಇಲ್ಲವೆಂದು ತೋರಬಹುದು. ಅರ್ಥವು ಹಾಗಲ್ಲ. ಸರ್ವರುಗಳು ಇದ್ದೇ ಇರುವುವು. ಅವನ್ನು ನೋಡಿಕೊಳ್ಳುವ ಹೊಣೆಯು ಮಾತ್ರ ತಂತ್ರಾಂಶವನ್ನು ರಚಿಸಿದವರಿಗೆ ಸೇರದೆ, ಸೌಕರ್ಯವನ್ನು ಒದಗಿಸುವ ಸಂಸ್ಥೆಗೆ ಸೇರಿರುವುದು. ತಂತ್ರಾಂಶವನ್ನೂ ಅದು ನಡೆಯುವುದಕ್ಕೆ ಬೇಕಾದ ಸಾಮಗ್ರಿಯನ್ನೂ ಒಂದೇ ಗಂಟಾಗಿ ಕಟ್ಟಿಡುವ ಏರ್ಪಾಡಿಗೆ ಕಂಟೇನರು ಎಂದು ಹೆಸರು. ೨೦೧೩ರಲ್ಲಿ ಡಾಕರ್ ಪ್ರಕಟವಾದ ಬಳಿಕ ಈ ಪದ್ಧತಿಯು ವಿಶೇಷವಾಗಿ ಹರಡಿತು. ಇಂತಹ ಗಂಟುಗಳನ್ನು ಸರ್ವರ್‌ಲೆಸ್ ಕ್ರಮದಲ್ಲಿ ನಡೆಯಿಸುವ ಸೌಕರ್ಯಗಳಲ್ಲಿ ಅಮೆಜಾನ್ ಸಂಸ್ಥೆಯ ಫಾರ್ಗೇಟ್ ೨೦೧೭ರಲ್ಲಿಯೂ ಗೂಗಲ್ ಸಂಸ್ಥೆಯ ಕ್ಲೌಡ್ ರನ್ ೨೦೧೯ರಲ್ಲಿಯೂ ಬಳಕೆಗೆ ಬಂದುವು. ಹೀಗೆ ನಡೆಯುವ ತಂತ್ರಾಂಶದ ವೇಗವನ್ನೂ ದೋಷಗಳನ್ನೂ ಅಳೆಯುವ ಏರ್ಪಾಡು ಯಾವ ರೀತಿಯಲ್ಲಿರತಕ್ಕದ್ದೆಂಬುದನ್ನು ಕ್ಲೌಡ್ ರನ್ನಿನ ಉದಾಹರಣೆಯಿಂದ ವಿಚಾರಮಾಡಬಹುದು.

ಈ ಕಂಟೇನರುಗಳ ಮುಖ್ಯಲಕ್ಷಣವು ಕ್ಷಣಿಕತೆ. ಕೋರಿಕೆಗಳು ಹೆಚ್ಚಿದಾಗ ಹೊಸ ಕಂಟೇನರುಗಳು ಹುಟ್ಟುವುವು, ಕಡಮೆಯಾದಾಗ ಅಳಿಯುವುವು, ಕೋರಿಕೆಯೇ ಇಲ್ಲದಿದ್ದರೆ ಒಂದೂ ಉಳಿಯದಿರಬಹುದು. ವೆಚ್ಚದ ಮಿತವ್ಯಯವು ಇದರಿಂದಲೇ ಸಾಧ್ಯವಾಗುವುದು. ಪರಿಶೀಲಕನ ತೊಡಕೂ ಇದರಿಂದಲೇ ಹುಟ್ಟುವುದು.

ಸ್ಥಿರವಾದ ಯಂತ್ರಗಳ ಕಾಲದಲ್ಲಿ ಯಂತ್ರದ ಮೇಲೆಯೇ ಒಂದು ಕಾವಲು ತಂತ್ರಾಂಶವನ್ನು ಇರಿಸುವುದು ವಾಡಿಕೆಯಾಗಿತ್ತು. ೨೦೧೨ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭವಾದ ಪ್ರೊಮೀಥಿಯಸ್ ಎಂಬ ಸಾಧನವು ನಿಯತಕಾಲಕ್ಕೊಮ್ಮೆ ಪ್ರತಿಯೊಂದು ನೆಲೆಗೂ ತಾನೇ ಹೋಗಿ ಎಣಿಕೆಗಳನ್ನು ತರುವುದು. ಸರ್ವರ್‌ಲೆಸ್ ಕ್ರಮದಲ್ಲಿ ಮೊದಲನೆಯದಕ್ಕೆ ಅವಕಾಶವಿಲ್ಲ, ಏಕೆಂದರೆ ಕೆಳಗಿನ ಯಂತ್ರಕ್ಕೆ ಬಳಕೆದಾರನಿಗೆ ಪ್ರವೇಶವಿಲ್ಲ. ಎರಡನೆಯದೂ ಒಗ್ಗುವುದಿಲ್ಲ. ಎಲ್ಲ ಕಂಟೇನರುಗಳಿಗೂ ಹೊರಗಿನಿಂದ ಒಂದೇ ವಿಳಾಸವಿರುವುದರಿಂದ ಇಂತಹುದನ್ನೇ ಮುಟ್ಟಬೇಕೆಂದರೆ ಆಗದು. ಅಲ್ಲದೆ ಎರಡು ಭೇಟಿಗಳ ನಡುವೆ ಕಂಟೇನರು ಹುಟ್ಟಿ ಅಳಿದಿರಲೂಬಹುದು. ಆದುದರಿಂದ ಕ್ರಮವನ್ನು ತಿರುಗಿಸಬೇಕು: ಪರಿಶೀಲಕನು ಹೋಗಿ ಕೇಳುವುದಕ್ಕೆ ಬದಲಾಗಿ ಕಂಟೇನರೇ ತನ್ನ ವರದಿಯನ್ನು ಹೊರಕ್ಕೆ ಕಳುಹಬೇಕು.

ವರದಿಯಲ್ಲಿ ಮೂರು ಬಗೆಗಳುಂಟು. ಎಷ್ಟು ಕೋರಿಕೆಗಳು, ಎಷ್ಟು ದೋಷಗಳು ಎಂಬ ಎಣಿಕೆಯು ಮೆಟ್ರಿಕ್. ನಡೆದುದನ್ನು ನಡೆದಂತೆ ಬರೆದಿಡುವ ದಾಖಲೆಯು ಲಾಗ್. ಒಂದು ಕೋರಿಕೆಯು ಯಾವ ಯಾವ ಸೇವೆಗಳನ್ನು ಹಾದು, ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತೆಂಬ ಜಾಡು ಟ್ರೇಸ್. ಈ ಮೂರನ್ನೂ ಏಕರೀತಿಯಲ್ಲಿ ಕಳುಹುವುದಕ್ಕೆ ಈಗ ರೂಢಿಯಲ್ಲಿರುವುದು ಓಪನ್‌ಟೆಲಿಮೆಟ್ರಿ. ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು ೨೦೧೯ರಲ್ಲಿ ಕೂಡಿ ಇದಾಯಿತು.

ಸಾಧನವನ್ನು ಸೇರಿಸಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಸಾಧಾರಣವಾಗಿ ಈ ಸಾಧನಗಳು ವರದಿಗಳನ್ನು ಒಂದೊಂದಾಗಿ ಕಳುಹದೆ, ಸ್ಮೃತಿಯಲ್ಲಿ ಕೂಡಿಟ್ಟು ಕೆಲವು ಸೆಕೆಂಡುಗಳಿಗೊಮ್ಮೆ ಒಟ್ಟಾಗಿ ಕಳುಹುವುವು. ಕೋರಿಕೆಯ ಲೆಕ್ಕದಲ್ಲಿ ಹಣ ತೆರುವ ಕ್ಲೌಡ್ ರನ್ ಪದ್ಧತಿಯಲ್ಲಿಯಾದರೋ, ಉತ್ತರವನ್ನು ಕೊಟ್ಟು ಮುಗಿದೊಡನೆ ಕಂಟೇನರಿಗೆ ಸಿಪಿಯು ಬಲವು ಬಹುಮಟ್ಟಿಗೆ ನಿಂತುಹೋಗುವುದು; ಹಿನ್ನೆಲೆಯಲ್ಲಿ ಕಳುಹಬೇಕಾದ ವರದಿಯು ಅಲ್ಲಿಯೇ ತಂಗುವುದು. ಕಂಟೇನರನ್ನು ಅಳಿಸುವಾಗ ಸಿಗ್‌ಟರ್ಮ್ ಎಂಬ ಸೂಚನೆಯು ಬರುವುದು. ಆ ಬಳಿಕ ದೊರೆಯುವ ಅವಧಿಯು ೧೦ ಸೆಕೆಂಡುಗಳು. ಸ್ಮೃತಿಯ ಮಿತಿಯನ್ನು ಮೀರಿ ಕಂಟೇನರು ಸತ್ತರೆ ಈ ಅವಧಿಯೂ ಇಲ್ಲ. ಹೀಗಾಗಿ ಸುಖವಾಗಿ ನಡೆದ ಕೋರಿಕೆಗಳ ವರದಿಯು ತಲಪುವುದು. ಕೆಟ್ಟುನಿಂತವುಗಳ ವರದಿಯೇ ಕೆಟ್ಟುದರೊಡನೆ ನಾಶವಾಗುವುದು. ಲೆಕ್ಕದ ಪುಸ್ತಕವನ್ನು ಉರಿಯುವ ಮನೆಯೊಳಗೆಯೇ ಇಟ್ಟಂತೆ ಇದು. ಯಾವ ಸಾಕ್ಷ್ಯವು ಅತ್ಯಾವಶ್ಯಕವೋ ಅದೇ ಮೊದಲು ಕಳೆದುಹೋಗುವುದು. ಉಳಿದ ಅಂಕಗಳು ಎಲ್ಲವೂ ಕ್ಷೇಮವೆಂದು ಸಾರುವುವು.

ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದಾಗಿ, ಸಿಗ್‌ಟರ್ಮ್ ಬಂದೊಡನೆ ಕೂಡಿಟ್ಟ ವರದಿಯನ್ನೆಲ್ಲ ಕಳುಹಿ ಮುಗಿಸುವಂತೆ ತಂತ್ರಾಂಶದಲ್ಲಿಯೇ ಬರೆದಿಡಬೇಕು. ಎರಡನೆಯದಾಗಿ, ವರದಿಯನ್ನು ಸಂಗ್ರಹಿಸಿ ಸಾಗಿಸುವ ಸಹಾಯಕ ಕಂಟೇನರೊಂದನ್ನು ಪಕ್ಕದಲ್ಲಿ ಇರಿಸಬಹುದು. ಕ್ಲೌಡ್ ರನ್ನಿನಲ್ಲಿ ಇದಕ್ಕೆ ೨೦೨೩ರಲ್ಲಿ ಅವಕಾಶವಾಯಿತು. ಮುಖ್ಯ ಕಂಟೇನರು ವರದಿಯನ್ನು ೪೩೧೭ ಎಂಬ ಪೋರ್ಟಿನ ಮೂಲಕ ಇದಕ್ಕೆ ಒಪ್ಪಿಸುವುದು ವಾಡಿಕೆ. ಆದರೆ ಸಹಾಯಕವೂ ಮುಖ್ಯದೊಡನೆಯೇ ಅಳಿಯುವುದರಿಂದ ಅದರಲ್ಲಿ ಹೆಚ್ಚು ಹೊತ್ತು ಏನನ್ನೂ ಕೂಡಿಡಲಾಗದು. ಸಿಪಿಯು ಬಲವು ಸದಾ ದೊರೆಯುವ ಪದ್ಧತಿಯನ್ನು ಆರಿಸಿಕೊಳ್ಳುವುದೂ ಲೇಸು. ಮೂರನೆಯದಾಗಿ, ಮುಖ್ಯ ಘಟನೆಗಳನ್ನು ನಡೆದೊಡನೆ ಲಾಗಿನಲ್ಲಿ ಒಂದು ಸಾಲಾಗಿ ಬರೆಯಬೇಕು. ಕಂಟೇನರಿನ ಸಾಮಾನ್ಯ ಹೊರಹರಿವಿಗೆ ಬರೆದುದನ್ನು ಸೌಕರ್ಯವೇ ಎತ್ತಿ ಹೊರಗೆ ಕಾಪಾಡುವುದರಿಂದ, ಹಠಾತ್ತಾಗಿ ಸತ್ತ ಕಂಟೇನರಿನ ಕಡೆಯ ಮಾತು ಇದರಲ್ಲಿ ಉಳಿಯುವ ಸಂಭವವು ಹೆಚ್ಚು.

ಬಂದ ಅಂಕಗಳನ್ನು ಓದುವುದರಲ್ಲಿಯೂ ಎಚ್ಚರಿಕೆ ಬೇಕು. ಹೊಸ ಕಂಟೇನರು ಹುಟ್ಟಿ ಸಿದ್ಧವಾಗುವವರೆಗೆ ಕೋರಿಕೆಯು ಕಾಯಬೇಕಾಗುವುದು. ಇದಕ್ಕೆ ಕೋಲ್ಡ್ ಸ್ಟಾರ್ಟ್ ಎಂದು ಹೆಸರು. ೧೦೦೦ ಕೋರಿಕೆಗಳಲ್ಲಿ ೯೮೦ಕ್ಕೆ ೧೦೦ ಮಿಲಿಸೆಕೆಂಡುಗಳೂ ೨೦ಕ್ಕೆ ೪೦೦೦ ಮಿಲಿಸೆಕೆಂಡುಗಳೂ ಹಿಡಿದುವೆಂದು ಇಟ್ಟುಕೊಳ್ಳೋಣ. ಸರಾಸರಿಯು ೧೭೮ ಮಿಲಿಸೆಕೆಂಡುಗಳು, ನೋಡಿದವರಿಗೆ ಭಯವಾಗದು. ಆದರೆ ಕಾಲಗಳನ್ನು ಏರುಕ್ರಮದಲ್ಲಿ ಜೋಡಿಸಿ ೯೯೦ನೆಯದನ್ನು ನೋಡಿದರೆ ೪೦೦೦ ಕಾಣುವುದು. ನಾಲ್ಕು ಸೆಕೆಂಡು ಕಾದ ಇಪ್ಪತ್ತು ಮಂದಿಯನ್ನು ಸರಾಸರಿಯು ಮರೆಮಾಡಿತು. ಇಂತಹ ಸ್ಥಾನಾಂಕಗಳನ್ನು ಒಂದೊಂದು ಕಂಟೇನರಿನಲ್ಲಿ ಬೇರೆಬೇರೆಯಾಗಿ ಕಂಡುಹಿಡಿದು ಸರಾಸರಿ ತೆಗೆಯುವುದೂ ತಪ್ಪು. ಇಷ್ಟು ಕಾಲದೊಳಗೆ ಇಷ್ಟು ಕೋರಿಕೆಗಳೆಂಬ ವರ್ಗವಾರು ಎಣಿಕೆಯನ್ನು ಕಳುಹಿಸಿ, ಎಲ್ಲವನ್ನೂ ಕೂಡಿಸಿದ ಮೇಲೆಯೇ ಸ್ಥಾನಾಂಕವನ್ನು ಕಾಣಬೇಕು. ಪ್ರತಿಯೊಂದು ಕಂಟೇನರಿಗೂ ತನ್ನದೇ ಗುರುತು ಇರದಿದ್ದರೆ, ಒಂದರ ಎಣಿಕೆಯು ಇನ್ನೊಂದರದರೊಡನೆ ಬೆರೆತು ಲೆಕ್ಕವು ಕೆಡುವುದು.

ಏರ್ಪಾಡು ಸರಿಯಾಗಿದೆಯೆ ಎಂಬುದನ್ನು ತಿಳಿಯುವ ಬಗೆಯು ಸುಲಭ. ಸೌಕರ್ಯವು ಕೋರಿಕೆಗಳನ್ನು ಹೊರಗಿನಿಂದ ತಾನೇ ಎಣಿಸುವುದು. ಕಂಟೇನರುಗಳು ಒಳಗಿನಿಂದ ಎಣಿಸಿ ಕಳುಹುವುವು. ಪರೀಕ್ಷೆಗಾಗಿ ಕೆಲವು ಕಂಟೇನರುಗಳನ್ನು ನಡುವೆಯೇ ಕೊನೆಗಾಣಿಸಿ ಎರಡು ಎಣಿಕೆಗಳನ್ನೂ ತಾಳೆನೋಡಬೇಕು. ವ್ಯತ್ಯಾಸವಿದ್ದರೆ ಅಷ್ಟು ಸಾಕ್ಷ್ಯವು ನಷ್ಟವಾಗಿದೆಯೆಂದು ತಿಳಿಯತಕ್ಕದ್ದು. ಅಳಿಯುವ ವಸ್ತುವಿನ ವೃತ್ತಾಂತವನ್ನು ಅದು ಅಳಿಯುವುದಕ್ಕೆ ಮುಂಚೆಯೇ ಹೊರಗೆ ತಂದಿರಬೇಕೆಂಬುದೇ ಈ ಪರಿಶೀಲನೆಯ ಮೂಲಸೂತ್ರ.