ನೇರಳೆ ಅಮೋನಿಯಾ

ಜಿನೀವಾದಿಂದ ಗಡಿ ದಾಟಿ ಫ್ರಾನ್ಸ್‌ಗೆ ಕಾಲಿಟ್ಟರೆ ಪ್ರೆವೆಸ್ಸಾಂ ಸಿಗುತ್ತದೆ. ಕಣಭೌತವಿಜ್ಞಾನದ ದೊಡ್ಡ ಪ್ರಯೋಗಾಲಯ ಸರ್ನ್ ಸಂಸ್ಥೆಯ ಎರಡನೆಯ ಆವರಣ ಇರುವುದು ಇಲ್ಲೇ. ಇಲ್ಲಿಯ 888ನೇ ನಂಬರಿನ ಕಟ್ಟಡದಲ್ಲಿ 2002ರಿಂದ 2022ರವರೆಗೆ ‘ಕಂಪಾಸ್’ ಎಂಬ ಪ್ರಯೋಗ ನಡೆಯಿತು. ಸುಮಾರು 60 ಮೀಟರ್ ಉದ್ದಕ್ಕೂ ಸಾಲಾಗಿ ನಿಂತ ದೈತ್ಯ ಕಾಂತಗಳು, ಕಣಗಳ ಜಾಡು ಹಿಡಿಯುವ ಉಪಕರಣಗಳು, ಮೈಲುಗಟ್ಟಲೆ ಕೇಬಲ್ಲು. ಯಾರ ಕಣ್ಣಾದರೂ ಮೊದಲು ಹೋಗುವುದು ಅತ್ತಲೇ. ಇಷ್ಟೆಲ್ಲ ಸರಂಜಾಮು ಕಾದು ಕುಳಿತದ್ದು ಯಾವುದಕ್ಕಾಗಿಯೋ, ಅದು ಸಾಲಿನ ಆರಂಭದಲ್ಲಿ ಉಕ್ಕಿನ ಹೊಟ್ಟೆಯೊಳಗೆ ಅಡಗಿತ್ತು: ಮೂರು ನಾಲ್ಕು ಸೆಂಟಿಮೀಟರ್ ಅಡ್ಡಳತೆಯ, ಒಟ್ಟು 1.2 ಮೀಟರ್ ಉದ್ದದ ಕೊಳವೆಗಳು. ಹಲವು ವರ್ಷ ಅವುಗಳಲ್ಲಿ ತುಂಬಿದ್ದದ್ದು ಹೆಪ್ಪುಗಟ್ಟಿದ ಅಮೋನಿಯಾ.

ಕಣಭೌತವಿಜ್ಞಾನದ ಪುಸ್ತಕಗಳು ಇದನ್ನು ಧ್ರುವೀಕೃತ ಗುರಿ ಎನ್ನುತ್ತವೆ. ಒಳಗಿನವರ ಬಾಯಲ್ಲಿ ಬರೀ ಟಾರ್ಗೆಟ್. ವೇಗವರ್ಧಕದ ಬಗ್ಗೆ ಸಿನಿಮಾ ಬರುತ್ತದೆ, ಪತ್ತೆಯಂತ್ರಗಳ ಚಿತ್ರ ಕ್ಯಾಲೆಂಡರಿಗೆ ಏರುತ್ತದೆ. ಟಾರ್ಗೆಟ್ಟಿಗೆ ಆ ಭಾಗ್ಯ ಇಲ್ಲ. ಅಳತೆ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಮಾತ್ರ ಇಲ್ಲೇ ಎಂದು ನನ್ನ ಎಣಿಕೆ.

ಕಣ್ಣಿಗೆ ಕಾಣದ್ದನ್ನು ಅರಿಯಲು ಭೌತವಿಜ್ಞಾನಿಗಳದ್ದು ಹಳೆಯ ಉಪಾಯ: ಅದರತ್ತ ಇನ್ನೊಂದು ಕಣ ಹೊಡೆಯುವುದು, ಅದು ಯಾವ ಕೋನಕ್ಕೆ ಚದುರಿತು ಎಂದು ನೋಡುವುದು. ಮ್ಯಾಂಚೆಸ್ಟರ್‌ನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಚಿನ್ನದ ತೆಳುಹಾಳೆಗೆ ಆಲ್ಫಾ ಕಣ ಹಾಯಿಸಿದಾಗ ಕೆಲವು ಬಂದ ದಾರಿಗೇ ಚಿಮ್ಮಿದವು. ಪರಮಾಣುವಿಗೆ ಬೀಜಕೇಂದ್ರ ಇದೆ ಎಂದು ರುದರ್‌ಫರ್ಡ್ 1911ರಲ್ಲಿ ಹೇಳಿದ್ದು ಅದರ ಬಲದಿಂದ. 1960ರ ದಶಕದ ಕೊನೆಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೋಟಾನಿನ ಒಳಗೆ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳ ಸುಳಿವು ಸಿಕ್ಕಿದ್ದೂ ಹೀಗೆಯೇ. ಆದರೆ ಆ ಗುರಿಗಳಲ್ಲಿ ಪ್ರೋಟಾನ್‌ಗಳು ಮನಬಂದ ಕಡೆ ಮುಖ ಮಾಡಿದ್ದವು. ಪ್ರೋಟಾನಿಗೆ ಸ್ಪಿನ್ ಎಂಬ ಗುಣವಿದೆ. ಅದರಿಂದಾಗಿ ಅದೊಂದು ಅತಿ ಪುಟ್ಟ ಅಯಸ್ಕಾಂತ. ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ ಮುಖ ಮಾಡಿದ್ದರೆ ಸ್ಪಿನ್ನಿನ ಪ್ರಭಾವ ಪರಸ್ಪರ ವಜಾ ಆಗಿ ಕೈಗೆ ಬರುವುದು ಬರೀ ಸರಾಸರಿ.

ಹಾಗಾದರೆ ಬಲವಾದ ಅಯಸ್ಕಾಂತದೊಳಗೆ ಇಟ್ಟು ತಣ್ಣಗೆ ಮಾಡಿದರಾಯಿತಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. ಕಾಂತಕ್ಷೇತ್ರ 2.5 ಟೆಸ್ಲಾ, ಭೂಮಿಯದಕ್ಕಿಂತ ಸುಮಾರು 50 ಸಾವಿರ ಪಟ್ಟು. ಉಷ್ಣತೆ 1 ಕೆಲ್ವಿನ್, ಪರಮಶೂನ್ಯಕ್ಕಿಂತ ಒಂದೇ ಡಿಗ್ರಿ ಮೇಲೆ. ಇಷ್ಟು ಪಾಡುಪಟ್ಟರೂ ಪ್ರೋಟಾನ್‌ಗಳ ಧ್ರುವೀಕರಣ, ಅಂದರೆ ಒಂದು ದಿಕ್ಕಿಗೆ ಮುಖ ಮಾಡಿದವು ಎದುರು ದಿಕ್ಕಿನವಕ್ಕಿಂತ ಎಷ್ಟು ಹೆಚ್ಚು ಎಂಬ ಪಾಲು, ಶೇ 0.26ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದೇ ಪಾತ್ರೆಯಲ್ಲಿ ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್‌ಗಳಿದ್ದರೆ ಅವು ಶೇ 93ರಷ್ಟು ಧ್ರುವೀಕರಣಗೊಂಡಿರುತ್ತವೆ, ಏಕೆಂದರೆ ಎಲೆಕ್ಟ್ರಾನಿನ ಕಾಂತಬಲ ಪ್ರೋಟಾನಿನದಕ್ಕಿಂತ ಸುಮಾರು 660 ಪಟ್ಟು ಹೆಚ್ಚು. ಆ ಶಿಸ್ತನ್ನು ಎಲೆಕ್ಟ್ರಾನಿನಿಂದ ಪ್ರೋಟಾನಿಗೆ ದಾಟಿಸುವುದೇ ಈ ಕಸುಬಿನ ಬಂಡವಾಳ.

ದಾರಿ ತೋರಿದವರು ಅಮೆರಿಕದ ಭೌತವಿಜ್ಞಾನಿ ಆಲ್ಬರ್ಟ್ ಓವರ್‌ಹೌಸರ್. ಲೋಹದೊಳಗಿನ ಎಲೆಕ್ಟ್ರಾನ್‌ಗಳನ್ನು ಮೈಕ್ರೋವೇವ್‌ನಿಂದ ಕೆಣಕಿದರೆ ಬೀಜಕೇಂದ್ರಗಳ ಧ್ರುವೀಕರಣ ಹಲವು ಪಟ್ಟು ಏರುತ್ತದೆ ಎಂದು 1953ರಲ್ಲಿ ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ಅವರು ಹೇಳಿದಾಗ ವಯಸ್ಸು ಇಪ್ಪತ್ತೇಳು. ಎದುರಿಗಿದ್ದವರು ರಾಬಿ, ಬ್ಲಾಖ್, ಪರ್ಸೆಲ್, ರ‍್ಯಾಮ್ಸಿ ಅಂಥ ಘಟಾನುಘಟಿಗಳು. ಅವರು ನಂಬಲಿಲ್ಲ. ಅದೇ ವರ್ಷ ಇಲಿನಾಯ್‌ನಲ್ಲಿ ಕಾರ್ವರ್ ಮತ್ತು ಸ್ಲಿಕ್ಟರ್ ಲಿಥಿಯಂ ಲೋಹದಲ್ಲಿ ಮಾಡಿ ತೋರಿಸಿದ ಮೇಲೆ ಚರ್ಚೆಗೆ ಜಾಗ ಉಳಿಯಲಿಲ್ಲ. ಮುಂದೆ ಫ್ರಾನ್ಸಿನ ಸಾಕ್ಲೆಯಲ್ಲಿ ಅನಟೋಲ್ ಅಬ್ರಾಗಮ್, ಬರ್ಕ್ಲಿಯಲ್ಲಿ ಕಾರ್ಸನ್ ಜೆಫ್ರಿಸ್ ಈ ವಿದ್ಯೆಯನ್ನು ಲೋಹವಲ್ಲದ ಹರಳುಗಳಿಗೂ ತಂದರು. 1960ರ ದಶಕದ ಆರಂಭದಲ್ಲಿ ಎರಡೂ ಕಡೆ ಮೊದಲ ಚದುರಿಕೆ ಪ್ರಯೋಗಗಳು ನಡೆದವು. ಪ್ರತಿಪ್ರೋಟಾನ್ ಕಂಡುಹಿಡಿದದ್ದಕ್ಕೆ 1959ರಲ್ಲೇ ನೊಬೆಲ್ ಪಡೆದಿದ್ದ ಓವೆನ್ ಚೇಂಬರ್ಲಿನ್ ಬರ್ಕ್ಲಿ ತಂಡದಲ್ಲಿದ್ದರು. ನೊಬೆಲ್ ಬಂದ ಮೇಲೆ ಹರಳು ಬೆಳೆಸುವ, ಹೀಲಿಯಂ ಸುರಿಯುವ ಕೆಲಸಕ್ಕೆ ಕೈಹಾಕಿದ ಈ ಮನುಷ್ಯನ ಮೇಲೆ ನನಗೆ ವಿಶೇಷ ಗೌರವ.

ನಡೆಯುವುದು ಇಷ್ಟು. 2.5 ಟೆಸ್ಲಾ ಕ್ಷೇತ್ರದಲ್ಲಿ ಸುಮಾರು 70 ಗಿಗಾಹರ್ಟ್ಸ್ ಮೈಕ್ರೋವೇವ್ ಹಾಯಿಸಿದರೆ ಒಂದು ಎಲೆಕ್ಟ್ರಾನ್ ಮತ್ತು ಅದರ ನೆರೆಯ ಪ್ರೋಟಾನ್ ಜೊತೆಯಾಗಿ ಮಗುಚಿಕೊಳ್ಳುತ್ತವೆ. ಎಲೆಕ್ಟ್ರಾನ್ ಕಣ್ಣುಮುಚ್ಚಿ ತೆಗೆಯುವುದರೊಳಗೆ ತನ್ನ ಮೊದಲ ಸ್ಥಿತಿಗೆ ಮರಳಿ ಮತ್ತೊಂದು ಪ್ರೋಟಾನಿನ ಕೆಲಸಕ್ಕೆ ಸಿದ್ಧವಾಗುತ್ತದೆ. ಪ್ರೋಟಾನ್ ಸೋಮಾರಿ, ತಿರುಗಿದ್ದು ತಿರುಗಿದಂತೆಯೇ ಇರುತ್ತದೆ. ಹೀಗೆ ತಿರುಗಿದ ಪ್ರೋಟಾನ್‌ಗಳು ತಮ್ಮ ದಿಕ್ಕನ್ನು ನೆರೆಯವಕ್ಕೆ ದಾಟಿಸುತ್ತ ಹೋಗುತ್ತವೆ. ಮೈಕ್ರೋವೇವಿನ ಕಂಪನಾಂಕವನ್ನು ಕೂದಲೆಳೆಯಷ್ಟು ಬದಲಿಸಿದರೆ ಪ್ರೋಟಾನ್‌ಗಳು ತದ್ವಿರುದ್ಧ ದಿಕ್ಕಿಗೆ ನಿಲ್ಲುತ್ತವೆ, ಕಾಂತವನ್ನು ಮುಟ್ಟುವುದೇ ಬೇಡ.

ಇನ್ನು ಯಾವ ವಸ್ತು ಎಂಬ ಪ್ರಶ್ನೆ. ನಿಜವಾದ ಕಸುಬುದಾರಿಕೆ ಇರುವುದು ಇಲ್ಲಿ. ಆರಂಭದ ಗುರಿಗಳು ಲ್ಯಾಂಥನಮ್ ಮ್ಯಾಗ್ನೀಸಿಯಂ ನೈಟ್ರೇಟ್ ಹರಳುಗಳು. ಅವುಗಳ ತೂಕದಲ್ಲಿ ನಮಗೆ ಬೇಕಾದ ಹೈಡ್ರೋಜನ್ ನೂರಕ್ಕೆ ಮೂರು ಪಾಲು ಮಾತ್ರ. ಉಳಿದದ್ದೆಲ್ಲ ಪ್ರಯೋಗಕ್ಕೆ ಕಸ. ಸಾಲದ್ದಕ್ಕೆ ಕಣಗಳ ಹೊಡೆತಕ್ಕೆ ಬೇಗ ಕೆಡುತ್ತಿದ್ದವು. 1960ರ ದಶಕದ ಕೊನೆಗೆ ಸರ್ನ್‌ನಲ್ಲಿ ಮಿಷೆಲ್ ಬೋರ್ಗಿನಿ ಮತ್ತು ಸಂಗಡಿಗರು ಬ್ಯೂಟನಾಲ್ ಎಂಬ ಮದ್ಯಸಾರಕ್ಕೆ ತಿರುಗಿದರು. ಅದಕ್ಕೆ ಒಂಟಿ ಎಲೆಕ್ಟ್ರಾನ್ ಇರುವ ರಾಸಾಯನಿಕವನ್ನು ಒಂದಿಷ್ಟು ಬೆರೆಸಿ, ಹನಿಹನಿಯಾಗಿ ದ್ರವ ಸಾರಜನಕಕ್ಕೆ ಬೀಳಿಸಿದರೆ ಸಬ್ಬಕ್ಕಿಯಂಥ ಗುಂಡು ಮಣಿಗಳಾಗುತ್ತವೆ. ಮಣಿಗಳ ಸಂದಿಯಲ್ಲಿ ತಣ್ಣನೆಯ ಹೀಲಿಯಂ ಹರಿದು ಎಲ್ಲ ಕಡೆಯಿಂದಲೂ ಶಾಖ ಎಳೆದುಕೊಳ್ಳಲಿ ಎಂಬುದೇ ಈ ಆಕಾರದ ಗುಟ್ಟು. ಹೈಡ್ರೋಜನ್ ಪಾಲು ಶೇ 13.5ಕ್ಕೆ ಏರಿತು.

ಅಮೋನಿಯಾದಲ್ಲಿ ಅದು ಶೇ 17.6. ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಅದರೊಳಗೆ ಒಂಟಿ ಎಲೆಕ್ಟ್ರಾನ್‌ಗಳನ್ನು ಸಮನಾಗಿ ಸೇರಿಸುವುದು ಕಷ್ಟವಾಗಿತ್ತು. ಆ ತೊಡಕನ್ನು ಬಿಡಿಸಿದ್ದು ವಿಕಿರಣ. ಯಾವ ಹೊಡೆತ ಹಳೆಯ ಗುರಿಗಳನ್ನು ಕೆಡಿಸುತ್ತಿತ್ತೋ ಅದನ್ನೇ ಮೊದಲೇ, ಹದವಾಗಿ ಕೊಟ್ಟರೆ ಅಮೋನಿಯಾ ಅಣುಗಳು ಅಲ್ಲಲ್ಲಿ ಮುರಿದು ಒಂಟಿ ಎಲೆಕ್ಟ್ರಾನ್‌ಗಳು ತಾವಾಗಿ ಹುಟ್ಟುತ್ತವೆ. 1970ರ ದಶಕದ ಕೊನೆಗೆ ಸರ್ನ್‌ನಲ್ಲಿ ಟಾಪಿಯೊ ನೀನಿಕೋಸ್ಕಿ, ಆಮೇಲೆ ಜರ್ಮನಿಯ ಬಾನ್‌ನಲ್ಲಿ ವರ್ನರ್ ಮೇಯರ್ ಇದನ್ನು ಬಳಕೆಗೆ ತಂದರು. ಅಮೋನಿಯಾ ಅನಿಲವನ್ನು ನಿಧಾನವಾಗಿ ಹೆಪ್ಪುಗಟ್ಟಿಸಿ, ಗಡ್ಡೆಯನ್ನು ಕುಟ್ಟಿ, ಜರಡಿ ಹಿಡಿದು ಎರಡು ಮೂರು ಮಿಲಿಮೀಟರಿನ ತುಣುಕು ಆರಿಸುತ್ತಾರೆ. ದ್ರವ ಆರ್ಗಾನ್‌ನಲ್ಲಿ ಮುಳುಗಿಸಿ ಎಲೆಕ್ಟ್ರಾನ್ ಕಿರಣಕ್ಕೆ ಒಡ್ಡುತ್ತಾರೆ. ಬಣ್ಣವಿಲ್ಲದೆ ಒಳಗೆ ಹೋದದ್ದು ಅಚ್ಚ ನೇರಳೆಯಾಗಿ ಹೊರಬರುತ್ತದೆ. ಅಲ್ಲಿಂದಾಚೆಗೆ ಅದರ ವಾಸ ದ್ರವ ಸಾರಜನಕದಲ್ಲೇ. ಗುರಿಯ ಕೊಳವೆಗೆ ತುಂಬುವಾಗಲೂ ಸಾರಜನಕದ ಹೊಗೆಯ ನಡುವೆಯೇ ಕೈಕೆಲಸ ಮುಗಿಯಬೇಕು. ಬೆಚ್ಚಗಾದರೆ ನೇರಳೆಯೂ ಹೋಯಿತು, ಒಂಟಿ ಎಲೆಕ್ಟ್ರಾನ್‌ಗಳೂ ಹೋದವು; ಉಳಿಯುವುದು ಅಮೋನಿಯಾದ ಘಾಟು.

ಕಂಪಾಸ್‌ನಲ್ಲಿ ತುಂಬಿದ ಕೊಳವೆಗಳು ಹೀಲಿಯಂ-3 ಮತ್ತು ಹೀಲಿಯಂ-4 ಬೆರಕೆಯಿಂದ ನಡೆಯುವ ಶೈತ್ಯಯಂತ್ರದೊಳಗೆ ಸೇರುತ್ತಿದ್ದವು. ಮೈಕ್ರೋವೇವ್ ಹಾಯಿಸಿ ಧ್ರುವೀಕರಣ ಶೇ 80 ದಾಟಿದ ಮೇಲೆ ಮೈಕ್ರೋವೇವನ್ನು ಆರಿಸಿ, ಉಷ್ಣತೆಯನ್ನು ಒಂದು ಕೆಲ್ವಿನ್ನಿನ ಇಪ್ಪತ್ತನೇ ಒಂದು ಭಾಗದ ಹತ್ತಿರಕ್ಕೆ ಇಳಿಸುತ್ತಿದ್ದರು. ಈಗ ಸ್ಪಿನ್‌ಗಳೂ ಹೆಪ್ಪುಗಟ್ಟಿದ ಹಾಗೆ. ಕಾಂತಕ್ಷೇತ್ರವನ್ನು ತಗ್ಗಿಸಿದರೂ ಅವು ವಾರಗಟ್ಟಲೆ ದಿಕ್ಕು ಬಿಡುವುದಿಲ್ಲ. ಎಷ್ಟು ಧ್ರುವೀಕರಣ ಉಳಿದಿದೆ ಎಂದು ತಿಳಿಯಲು ಪುಟ್ಟ ತಂತಿಸುರುಳಿಗಳು. ಆಸ್ಪತ್ರೆಯ ಎಂಆರ್‌ಐ ಯಂತ್ರದ ತತ್ವವೇ. 2.5 ಟೆಸ್ಲಾದಲ್ಲಿ ಪ್ರೋಟಾನ್ ಉತ್ತರಿಸುವುದು 106 ಮೆಗಾಹರ್ಟ್ಸ್ ಸುಮಾರಿಗೆ, ಅಂದರೆ ನಮ್ಮ ಎಫ್‌ಎಂ ರೇಡಿಯೊ ಪಟ್ಟಿಯೊಳಗೇ.

ಅಕ್ಕಪಕ್ಕದ ಕೊಳವೆಗಳನ್ನು ಬೇಕೆಂದೇ ವಿರುದ್ಧ ದಿಕ್ಕಿಗೆ ಧ್ರುವೀಕರಿಸುತ್ತಿದ್ದರು. ಒಂದೇ ಕಿರಣ ಎರಡನ್ನೂ ಹಾಯ್ದು ಹೋಗುವುದರಿಂದ ಕಿರಣದ ಏರುಪೇರು ಲೆಕ್ಕದಿಂದ ಹೊರಬೀಳುತ್ತದೆ. ಆದರೂ ಒಂದು ಅನುಮಾನ ಉಳಿಯುತ್ತದೆ. ಪತ್ತೆಯಂತ್ರವೇ ಮುಂದಿನ ಕೊಳವೆಯನ್ನು ಹಿಂದಿನದಕ್ಕಿಂತ ಸ್ವಲ್ಪ ಚೆನ್ನಾಗಿ ಕಾಣುತ್ತಿದ್ದರೆ? ಅದಕ್ಕೆ ಕಾಂತಕ್ಷೇತ್ರವನ್ನು ಮೆಲ್ಲಗೆ ತಿರುಗಿಸಿ ಸ್ಪಿನ್‌ಗಳನ್ನು ಅದರ ಬೆನ್ನಿಗೇ ತಿರುಗಿಸುತ್ತಿದ್ದರು, ಮೊದಲ ವರ್ಷಗಳಲ್ಲಿ ಎಂಟು ಗಂಟೆಗೊಮ್ಮೆ, ಮುಂದೆ ದಿನಕ್ಕೊಮ್ಮೆ. ಅಷ್ಟೂ ಹೊತ್ತು ಕ್ಷೇತ್ರ ಪೂರ್ತಿ ಸೊನ್ನೆಯಾಗಲು ಬಿಡುವಂತಿಲ್ಲ. ಬಿಟ್ಟರೆ ದಿನಗಟ್ಟಲೆ ದುಡಿದು ಸೇರಿಸಿದ ಧ್ರುವೀಕರಣ ಕರಗಿ ಹೋಗುತ್ತದೆ.

ಹೊಡೆಯುವ ಕಣಗಳ ವಿಷಯದಲ್ಲಿ ಪ್ರಕೃತಿ ಉದಾರಿ. ಪಯಾನ್ ಎಂಬ ಕಣಗಳು ಒಡೆದು, ಎಲೆಕ್ಟ್ರಾನಿನ ಭಾರವಾದ ಬಂಧು ಮ್ಯೂಆನ್ ಆಗುವಾಗ ಅವಕ್ಕೆ ಸ್ಪಿನ್ನಿನ ದಿಕ್ಕು ತಾನಾಗಿ ಸಿಗುತ್ತದೆ. ಕಂಪಾಸ್‌ಗೆ ಬರುತ್ತಿದ್ದ ಮ್ಯೂಆನ್ ಕಿರಣ ಶೇ 80ರಷ್ಟು ಧ್ರುವೀಕೃತ. ಆದರೂ ಗುಣಾಕಾರ ನೋಡಿ: ಕಿರಣದ 0.8, ಗುರಿಯ 0.85, ಅಮೋನಿಯಾದಲ್ಲಿ ಹೈಡ್ರೋಜನ್ ಪಾಲು 0.176. ಗುಣಿಸಿದರೆ 0.12. ಪ್ರೋಟಾನ್ ನಿಜವಾಗಿ ಶೇ 10ರ ವ್ಯತ್ಯಾಸ ತೋರಿಸಿದರೂ ಯಂತ್ರ ಕಾಣುವುದು ಶೇ 1ಕ್ಕಿಂತ ತುಸು ಹೆಚ್ಚು. ಗುರಿಯಲ್ಲಿ ಒಂದೊಂದು ಶೇಕಡಾ ಧ್ರುವೀಕರಣಕ್ಕೂ ಜನ ತಿಂಗಳುಗಟ್ಟಲೆ ಒದ್ದಾಡುವುದು ಇದಕ್ಕೇ.

ಒದ್ದಾಟದ ಫಲವಾಗಿ ಸಿಕ್ಕಿದ್ದು ಯಾರೂ ಬಯಸದ ಉತ್ತರ. ಕಂಪಾಸ್‌ಗಿಂತ ಮೊದಲು ಸರ್ನ್‌ನಲ್ಲಿ ಯುರೋಪಿಯನ್ ಮ್ಯೂಆನ್ ಕೊಲಾಬೊರೇಷನ್ ಎಂಬ ತಂಡ ಅಮೋನಿಯಾ ಗುರಿಗೆ ಮ್ಯೂಆನ್ ಹಾಯಿಸಿ, 1988ರಲ್ಲಿ ಫಲಿತಾಂಶ ಪ್ರಕಟಿಸಿತು. ಪ್ರೋಟಾನಿನ ಸ್ಪಿನ್ನಿನಲ್ಲಿ ಕ್ವಾರ್ಕ್‌ಗಳ ಸ್ಪಿನ್ ಪಾಲು ಶೇ 60ರಷ್ಟಾದರೂ ಇರಬೇಕೆಂದು ಸಿದ್ಧಾಂತಿಗಳು ಎಣಿಸಿದ್ದರು. ಬಂದದ್ದು ಶೇ 12. ಅದರ ದೋಷಮಿತಿಯೂ ಅಷ್ಟೇ ದೊಡ್ಡದು, ಸೊನ್ನೆಯಾದರೂ ಆಶ್ಚರ್ಯವಿಲ್ಲ ಎನ್ನುವಂತೆ. ಪ್ರೋಟಾನಿನ ಸ್ಪಿನ್ ಬಿಕ್ಕಟ್ಟು ಎಂಬ ಹೆಸರು ಅಂದಿನಿಂದ ಅಂಟಿಕೊಂಡಿತು. ಬಿಕ್ಕಟ್ಟು ಎಂದರೆ ಬರಗಾಲ ಬಂದ ಹಾಗೆ ಕೇಳಿಸುತ್ತದೆ, ಆದರೆ ಹಲವು ಪ್ರಯೋಗಾಲಯಗಳಿಗೆ ಅದು ಮುಂದಿನ ಮೂರು ದಶಕಗಳ ಸುಗ್ಗಿಯಾಯಿತು. ಸ್ಟ್ಯಾನ್‌ಫರ್ಡ್, ಹ್ಯಾಂಬರ್ಗ್, ವರ್ಜೀನಿಯಾದ ಜೆಫರ್ಸನ್ ಲ್ಯಾಬ್, ಮತ್ತೆ ಸರ್ನ್. ಕೋಲ್ಕತ್ತದ ಮಾತೃವಾಣಿ ಸಂಸ್ಥೆಯ ಹೆಸರೂ ಕಂಪಾಸ್ ಪ್ರಬಂಧಗಳ ಪಟ್ಟಿಯಲ್ಲಿದೆ. ಎಲ್ಲ ಅಳತೆಗಳೂ ಸೇರಿ ಕ್ವಾರ್ಕ್‌ಗಳ ಪಾಲು ಈಗ ಶೇ 30ರ ಆಸುಪಾಸಿಗೆ ಬಂದು ನಿಂತಿದೆ. ಕ್ವಾರ್ಕ್‌ಗಳನ್ನು ಬೆಸೆಯುವ ಗ್ಲೂಆನ್‌ಗಳಿಗೂ ಒಂದು ಪಾಲು ಇದೆ ಎಂದು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಪ್ರೋಟಾನ್ ಡಿಕ್ಕಿಗಳು ತೋರಿಸಿವೆ.

ಎಲೆಕ್ಟ್ರಾನಿನ ಶಿಸ್ತನ್ನು ಬೀಜಕೇಂದ್ರಕ್ಕೆ ದಾಟಿಸುವ ಇದೇ ವಿದ್ಯೆ ಆಸ್ಪತ್ರೆಗೂ ಕಾಲಿಟ್ಟಿದೆ. 2003ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಆರ್ಡೆನ್‌ಕೇರ್-ಲಾರ್ಸೆನ್ ಮತ್ತು ಸಂಗಡಿಗರು ಹೆಪ್ಪುಗಟ್ಟಿಸಿ ಧ್ರುವೀಕರಿಸಿದ ಮಾದರಿಯನ್ನು ಬಿಸಿ ದ್ರಾವಕದಲ್ಲಿ ಥಟ್ಟನೆ ಕರಗಿಸಿ, ಸಂಕೇತವನ್ನು ಹತ್ತು ಸಾವಿರ ಪಟ್ಟು ಹೆಚ್ಚಿಸಿದರು. ಧ್ರುವೀಕರಿಸಿದ ಪೈರುವೇಟ್ ಎಂಬ ರಾಸಾಯನಿಕವನ್ನು ಚುಚ್ಚಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳನ್ನು ಎಂಆರ್‌ಐನಲ್ಲಿ ನೋಡಿದ ಮೊದಲ ವರದಿ ಕ್ಯಾಲಿಫೋರ್ನಿಯಾದಿಂದ 2013ರಲ್ಲಿ ಬಂತು. ದೇಹದೊಳಗೆ ಆ ಧ್ರುವೀಕರಣದ ಆಯಸ್ಸು ನಿಮಿಷದ ಲೆಕ್ಕದ್ದು, ಹಾಗಾಗಿ ಯಂತ್ರದ ಪಕ್ಕದಲ್ಲೇ ತಯಾರಿಸಬೇಕು.

ಬ್ರೂಕ್‌ಹೇವನ್‌ನಲ್ಲಿ ಕಟ್ಟಲು ಹೊರಟಿರುವ ಎಲೆಕ್ಟ್ರಾನ್-ಅಯಾನ್ ಕೊಲೈಡರ್‌ನಲ್ಲಿ ಎರಡೂ ಕಿರಣಗಳೇ ಧ್ರುವೀಕೃತ. ಕುಟ್ಟಿ ಜರಡಿ ಹಿಡಿದ ಗುರಿ ಅಲ್ಲಿ ಬೇಕಿಲ್ಲ. ಹಾಗೆಂದು ಅಮೋನಿಯಾ ಮೂಲೆಗೆ ಸೇರಿಲ್ಲ. ಪ್ರೋಟಾನಿನೊಳಗೆ ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುವ ಪ್ರತಿಕ್ವಾರ್ಕ್‌ಗಳು ಸುತ್ತುತ್ತಲೂ ಇವೆಯೆ, ಕಾಣೆಯಾದ ಸ್ಪಿನ್ ಆ ಸುತ್ತಾಟದಲ್ಲಿ ಅಡಗಿದೆಯೆ ಎಂದು ಕೇಳಲು ಶಿಕಾಗೋ ಬಳಿಯ ಫರ್ಮಿಲ್ಯಾಬ್‌ನಲ್ಲಿ ‘ಸ್ಪಿನ್‌ಕ್ವೆಸ್ಟ್’ ಪ್ರಯೋಗ ಕಟ್ಟಿದ್ದಾರೆ. ಅದರ ಗುರಿ 5 ಟೆಸ್ಲಾ ಕ್ಷೇತ್ರದಲ್ಲಿ, 1 ಕೆಲ್ವಿನ್ ಉಷ್ಣತೆಯಲ್ಲಿ ಇಟ್ಟ ಅಮೋನಿಯಾ. ಅಲ್ಲಿಯ ಪ್ರೋಟಾನ್ ಕಿರಣದ ಹೊಡೆತಕ್ಕೆ ಧ್ರುವೀಕರಣ ಬೇಗ ಇಳಿಯುತ್ತದೆ. ಆಗ ಕಿರಣ ನಿಲ್ಲಿಸಿ, ಅಮೋನಿಯಾವನ್ನು ಒಂದಷ್ಟು ಹೊತ್ತು ಹದವಾಗಿ ಬೆಚ್ಚಗೆ ಮಾಡಿ ಬೇಡದ ಗಾಯಗಳನ್ನಷ್ಟೇ ಮಾಯಿಸಬೇಕು. ಅದಕ್ಕೂ ಬಗ್ಗದಷ್ಟು ಕೆಟ್ಟಾಗ ಹಳೆಯದನ್ನು ತೆಗೆದು ಹೊಸ ನೇರಳೆ ತುಣುಕು ತುಂಬಬೇಕು.