ದಿನಾ ರಜೆ ಹಾಕುವ ಈ ಸರ್ವರ್ ಯಾರು?

ಹೋದ ತಿಂಗಳು ಹೊನ್ನಾಳಿ ಕಡೆಯ ಒಂದು ಹಳ್ಳಿಯಲ್ಲಿ ಪಡಿತರಕ್ಕಾಗಿ ಸಾಲು ನಿಂತಿತ್ತು. ಚೀಲ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ಅಜ್ಜಿ ಬೆಳಗ್ಗೆ ಎಂಟಕ್ಕೇ ಬಂದಿದ್ದಳು. ಹನ್ನೊಂದರ ಹೊತ್ತಿಗೆ ಒಳಗಿನಿಂದ ದನಿ ಬಂತು: "ಸರ್ವರ್ ಇಲ್ಲ ಅಜ್ಜಿ, ನಾಳೆ ಬಾ."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಮೊನ್ನೆನೂ ಇಲ್ಲ, ಇವತ್ತೂ ಇಲ್ಲ. ಯಾವನಪ್ಪಾ ಅವನು ಸರ್ವರ್ರು? ಹಿಂಗೆ ದಿನಾ ರಜಾ ಹಾಕಿದ್ರೆ ಅವನಿಗೆ ಸಂಬಳ ಯಾರು ಕೊಡ್ತಾರೆ?"

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅಜ್ಜಿ ಖಾಲಿ ಚೀಲ ಹಿಡಿದು ಮನೆ ಕಡೆ ತಿರುಗಿದಾಗ ನನ್ನ ನಗು ನಿಂತುಹೋಯಿತು. ಅವತ್ತಿನ ಅವಳ ಕೂಲಿಯೂ ಹೋಗಿತ್ತು, ಅಕ್ಕಿಯೂ ಸಿಕ್ಕಿರಲಿಲ್ಲ. ನಲವತ್ತು ವರ್ಷ ಕಂಪ್ಯೂಟರುಗಳ ನಡುವೆಯೇ ದುಡಿದು ಊರಿಗೆ ಮರಳಿದವನು ನಾನು. ಅವಳ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನನ್ನಂಥವರೇ. ಆದ್ದರಿಂದ ಮಕ್ಕಳೇ, ಈ ಲೇಖನವನ್ನು ನೀವು ಓದಿ, ಮನೆಯ ಅಜ್ಜ ಅಜ್ಜಿಯರಿಗೂ ಓದಿ ಹೇಳಿ.

ಹೋಟೆಲಿನ ಸರ್ವರ್, ಕಂಪ್ಯೂಟರಿನ ಸರ್ವರ್

ಅಜ್ಜಿ ಅಂದುಕೊಂಡದ್ದು ಪೂರ್ತಿ ತಪ್ಪೇನಲ್ಲ. ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ ನಾವು ಕೂತಲ್ಲಿಗೆ ಬಂದು "ಏನು ಬೇಕು?" ಎಂದು ಕೇಳುವವನೂ ಸರ್ವರ್, ಆ ಕಂಪ್ಯೂಟರೂ ಸರ್ವರ್. ಇಬ್ಬರ ಕೆಲಸವೂ ಒಂದೇ. ಕೇಳಿದ್ದನ್ನು ತಂದುಕೊಡುವುದು.

ಪಡಿತರ ಅಂಗಡಿಯ ಪುಟ್ಟ ಯಂತ್ರದ ಮೇಲೆ ಅಜ್ಜಿ ಬೆರಳಿಟ್ಟಾಗ, "ಈ ಬೆರಳು ಈ ಕಾರ್ಡಿನವರದೇನಾ? ಇವರಿಗೆ ಎಷ್ಟು ಅಕ್ಕಿ ಕೊಡಬೇಕು?" ಎಂಬ ಪ್ರಶ್ನೆ ಮೊಬೈಲ್ ಗೋಪುರ ಹತ್ತಿ, ನೆಲದಡಿಯ ತಂತಿಯಲ್ಲಿ ಓಡಿ, ದೂರದ ಊರಿನಲ್ಲಿರುವ ದೊಡ್ಡ ಕಂಪ್ಯೂಟರನ್ನು ಮುಟ್ಟುತ್ತದೆ. ಅದು ತನ್ನ ಕಡತದಲ್ಲಿ ಹುಡುಕಿ ಉತ್ತರ ಕಳಿಸುತ್ತದೆ. ಹಗಲು ರಾತ್ರಿ ಹೀಗೆ ಉತ್ತರ ಕೊಡುತ್ತಲೇ ಇರುವ ಕಂಪ್ಯೂಟರೇ ಸರ್ವರ್.

ಜಗತ್ತಿನ ಮೊಟ್ಟಮೊದಲ ವೆಬ್ ಸರ್ವರ್ ನೋಡಲು ಸಾಮಾನ್ಯ ಪೆಟ್ಟಿಗೆಯಂತಿತ್ತು. ಸ್ವಿಟ್ಜರ್ಲೆಂಡಿನ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಅದನ್ನು ನಡೆಸುತ್ತಿದ್ದರು. ಯಾರಾದರೂ ಮರೆತು ಗುಂಡಿ ಒತ್ತಿಬಿಟ್ಟಾರು ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದನ್ನು ಅಂಟಿಸಿದ್ದರು. ಇದು ಸರ್ವರ್, ಆರಿಸಬೇಡಿ ಎಂಬುದು ಅದರ ತಾತ್ಪರ್ಯ. ಸರ್ವರ್ ನಿಂತರೆ ಏನಾಗುತ್ತದೆ ಎಂಬ ಚಿಂತೆ ಸರ್ವರಿನಷ್ಟೇ ಹಳೆಯದು!

"ಸರ್ವರ್ ಇಲ್ಲ" ಎಂದರೆ ಏನಿಲ್ಲ?

ಈಗ ನನ್ನ ಮೊದಲ ಅಭಿಪ್ರಾಯ ಹೇಳುತ್ತೇನೆ. "ಸರ್ವರ್ ಇಲ್ಲ" ಎಂಬ ಮಾತನ್ನು ಅಷ್ಟಕ್ಕೇ ಒಪ್ಪಿಕೊಂಡು ಮನೆಗೆ ಹೋಗಬಾರದು. ಡಾಕ್ಟರ ಹತ್ತಿರ ಹೋಗಿ "ಮೈಯಲ್ಲಿ ಹುಷಾರಿಲ್ಲ" ಎಂದರೆ ಅವರು ಸುಮ್ಮನಿರುತ್ತಾರೆಯೇ? ತಲೆಯೋ, ಹೊಟ್ಟೆಯೋ, ಜ್ವರವೋ ಎಂದು ಕೇಳುತ್ತಾರೆ. ಹಾಗೆಯೇ ಇದು.

ಎಷ್ಟೋ ಸಲ ದೂರದ ಸರ್ವರ್ ಚೆನ್ನಾಗಿಯೇ ಇರುತ್ತದೆ. ಊರಿನಲ್ಲಿ ಕರೆಂಟು ಹೋಗಿರುತ್ತದೆ. ಇಲ್ಲವೇ ರಸ್ತೆ ಅಗೆಯುವ ಜೆಸಿಬಿ ತಂತಿಯನ್ನು ಕತ್ತರಿಸಿರುತ್ತದೆ. ಇಲ್ಲವೇ ಸಿಗ್ನಲ್ ಸಿಗುವುದಿಲ್ಲ. ಕೆಲವೊಮ್ಮೆ ಸಾವಿರಾರು ಅಂಗಡಿಗಳು ಒಂದೇ ಹೊತ್ತಿಗೆ ಕೇಳಿ, ಹಬ್ಬದ ದಿನದ ಹೋಟೆಲಿನಂತೆ ನೂಕುನುಗ್ಗಲಾಗುತ್ತದೆ. ಕೆಲವೊಮ್ಮೆ ಬೆರಳಿನ ಗುರುತು ಹೊಂದುವುದಿಲ್ಲ. ನಿಜವಾಗಿ ಸರ್ವರೇ ನಿಲ್ಲುವುದೂ ಉಂಟು. ಇವೆಲ್ಲಕ್ಕೂ ಇಟ್ಟ ಒಂದೇ ಹೆಸರು "ಸರ್ವರ್ ಇಲ್ಲ". ಕೆಟ್ಟದ್ದು ಯಾವುದೆಂದು ಗೊತ್ತಾಗದೆ ರಿಪೇರಿ ಮಾಡುವುದು ಹೇಗೆ? ಒಳ್ಳೆಯ ತಂತ್ರಾಂಶ ಎಂದರೆ ಏನು ತಪ್ಪಾಯಿತು, ಮುಂದೇನು ಮಾಡಬೇಕು ಎಂದು ಸರಳ ಕನ್ನಡದಲ್ಲಿ ಹೇಳುವ ತಂತ್ರಾಂಶ.

ಒಂದೇ ತೂಬನ್ನು ನಂಬಬಾರದು

ಚನ್ನಗಿರಿ ತಾಲ್ಲೂಕಿನ ಮಕ್ಕಳಿಗೆ ಶಾಂತಿಸಾಗರ, ಅಂದರೆ ಸೂಳೆಕೆರೆ, ಗೊತ್ತೇ ಇದೆ. ಹರಿದ್ರಾವತಿಯ ನೀರನ್ನು ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ಕೆರೆ ಅದು. ನೂರಾರು ವರ್ಷ ಕಳೆದರೂ ಕಟ್ಟೆ ಗಟ್ಟಿಯಾಗಿ ನಿಂತಿದೆ. ಅದಕ್ಕೆ ಸಿದ್ಧ, ಬಸವ ಎಂಬ ಹೆಸರಿನ ಎರಡು ತೂಬುಗಳಿವೆ. ಒಂದು ಕಟ್ಟಿಕೊಂಡರೂ ಇನ್ನೊಂದರಲ್ಲಿ ನೀರು ಬಿಡಬಹುದು.

ಸರ್ವರ್ ಕಟ್ಟುವವರಿಗೂ ಇದೇ ಪಾಠ. ಮಾಹಿತಿ ಒಂದೇ ಕಡೆ ಇರಬಾರದು. ಅದರ ಪ್ರತಿ ಇನ್ನೊಂದು ಊರಿನಲ್ಲಿರಬೇಕು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ತೆರೆದಿರಬೇಕು. ಜಗಳೂರಿನ ಬೆದ್ದಲು ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮಳೆಯನ್ನು ನಂಬಿದ ಹೊಲದಲ್ಲಿ ಶೇಂಗಾ ಬಿತ್ತಿ ನಡುನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಲೆಕ್ಕ.

ಈ ಲೆಕ್ಕ ಮರೆತರೆ ಏನಾಗುತ್ತದೆ ಎಂದು 2024ರ ಜುಲೈ 19ರಂದು ಜಗತ್ತೇ ನೋಡಿತು. ಕಂಪ್ಯೂಟರುಗಳನ್ನು ಕಾಯಬೇಕಾಗಿದ್ದ ಒಂದು ತಂತ್ರಾಂಶಕ್ಕೆ ಬಂದ ತಪ್ಪು ತಿದ್ದುಪಡಿಯಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ವಿಮಾನಗಳು ತಡವಾದವು, ಆಸ್ಪತ್ರೆಗಳಲ್ಲಿ ಕೆಲಸ ನಿಂತಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪೆನ್ನು ಕಾಗದ ಕೈಗೆ ಸಿಕ್ಕಿದ್ದರಿಂದ ಅಷ್ಟಾದರೂ ಜನ ಊರು ತಲುಪಿದರು. ಎಷ್ಟೇ ದೊಡ್ಡ ಯಂತ್ರ ಬಂದರೂ ಕೈಬರಹದ ಒಂದು ಪುಸ್ತಕ ಪಕ್ಕದಲ್ಲಿರಲಿ ಎಂದು ನಾನು ಹೇಳುವುದು ಇದಕ್ಕೇ.

ಪಹಣಿಯ ಕಥೆ

ಇಷ್ಟು ಹೇಳಿದೆ ಎಂದು ಕಂಪ್ಯೂಟರ್ ಬೇಡವೇ ಬೇಡ ಎನ್ನುವವನು ನಾನಲ್ಲ. ಅಜ್ಜಂದಿರನ್ನು ಕೇಳಿ ನೋಡಿ. ಹಿಂದೆ ಒಂದು ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಎಷ್ಟು ಸಲ ಅಲೆಯಬೇಕಿತ್ತು! ಹೊಲದ ಲೆಕ್ಕವೆಲ್ಲ ಅವರ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಅದರಲ್ಲಿ ಯಾರದೋ ಹೆಸರು ಅಳಿದು ಯಾರದೋ ಹೆಸರು ಬಂದರೂ ತಿಳಿಯುತ್ತಿರಲಿಲ್ಲ.

2000ದ ಹೊತ್ತಿಗೆ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ನ್ಯಾಮತಿ ಆಗಿನ್ನೂ ಬೇರೆ ತಾಲ್ಲೂಕಾಗಿರಲಿಲ್ಲ. ಅಲ್ಲಿಯವರೂ ಹೊನ್ನಾಳಿಗೇ ಬರಬೇಕಿತ್ತು. ದಾಖಲೆ ತಿದ್ದುವ ನೌಕರರು ಮೊದಲು ತಮ್ಮ ಬೆರಳ ಗುರುತು ಕೊಡಬೇಕೆಂಬ ನಿಯಮವಿತ್ತು. ಯಾರು ತಿದ್ದಿದರು ಎಂಬುದು ಕಂಪ್ಯೂಟರಿನಲ್ಲೇ ದಾಖಲಾಗುತ್ತಿತ್ತು. ಇದು ಕಂಪ್ಯೂಟರಿನ ದೊಡ್ಡ ಗುಣ.

ಅದಕ್ಕೊಂದು ದೋಷವೂ ಇದೆ. ಕಾಗದದಲ್ಲಿ ಆದ ತಪ್ಪು ಒಂದು ಪುಸ್ತಕದಲ್ಲಿ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಆದ ತಪ್ಪು ಹೋದಲ್ಲೆಲ್ಲ ನಮಗಿಂತ ಮೊದಲೇ ಹೋಗಿ ಕೂತಿರುತ್ತದೆ. ಪಹಣಿಯಲ್ಲಿ 'ಬಸಪ್ಪ', ಆಧಾರಿನಲ್ಲಿ 'ಬಸವರಾಜಪ್ಪ' ಎಂದಿದ್ದರೆ ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಊರಿಗೆಲ್ಲ ಗೊತ್ತಿರುವ ಮುಖ ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಮಕ್ಕಳೇ, ಮನೆಯ ಕಾಗದಗಳಲ್ಲಿ ಹಿರಿಯರ ಹೆಸರು ಒಂದೇ ರೀತಿ ಇದೆಯೇ ಎಂದು ಈ ಭಾನುವಾರವೇ ಕೂತು ನೋಡಿ.

ನಾಲ್ಕು ಕೀಲಿಯಲ್ಲಿ ಅಜ್ಜ

ಇನ್ನು ನನಗೆ ಬಹಳ ಇಷ್ಟವಾದ ವಿಷಯ. ಯಂತ್ರ ನಮ್ಮ ಭಾಷೆಗೆ ಬಗ್ಗಬೇಕು.

ಇಂಗ್ಲಿಷಿಗೆ ಇಪ್ಪತ್ತಾರೇ ಅಕ್ಷರ. ನಮಗೋ ಒತ್ತಕ್ಷರ, ಗುಣಿತಾಕ್ಷರ ಎಲ್ಲ ಸೇರಿದರೆ ಸಾವಿರಾರು ರೂಪಗಳು. ಅಷ್ಟು ಕೀಲಿಗಳನ್ನು ಎಲ್ಲಿಂದ ತರುವುದು? ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರು ಇದಕ್ಕೆ ಸರಳ ದಾರಿ ಕಂಡರು. ಬರೆಯುವ ಆಕಾರವನ್ನು ಬಿಟ್ಟು ಉಚ್ಚರಿಸುವ ಕ್ರಮವನ್ನು ಹಿಡಿದರು. ಅದೇ ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡವೆಲ್ಲ ಕೂತಿತು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟರು. ಆ ಕೀಲಿಮಣೆಯ ವಿನ್ಯಾಸವನ್ನು ತಮ್ಮದೆಂದು ಬೇಲಿ ಹಾಕದೆ ಎಲ್ಲರಿಗೂ ಬಿಟ್ಟುಕೊಟ್ಟರು. 'ನುಡಿ' ತಂತ್ರಾಂಶದಲ್ಲಿ ಇಂದು ನಾವು ಬಳಸುವುದು ಅದನ್ನು ಆಧರಿಸಿದ ವಿನ್ಯಾಸವನ್ನೇ.

ನೀವೇ ಮಾಡಿ ನೋಡಿ. 'ನುಡಿ'ಯಲ್ಲಿ ಎ, ಜೆ, ಎಫ್, ಜೆ ಎಂಬ ನಾಲ್ಕು ಕೀಲಿ ಒತ್ತಿ. 'ಅಜ್ಜ' ಬರುತ್ತಾರೆ! ಎಫ್ ಎಂಬುದು ಅಕ್ಷರಕ್ಕೆ ಒತ್ತು ಕೂಡಿಸುವ ಕೊಂಡಿ. 'ಅಮ್ಮ'ನನ್ನು ಕರೆಯುವುದು ಹೇಗೆ ಎಂದು ನೀವೇ ಹೇಳಿ.

ಮೊದಲು ಇನ್ನೊಂದು ತೊಂದರೆಯಿತ್ತು. ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ತೆರೆದರೆ ಗೀಚಿದ ಗೊಂಬೆಗಳಂತೆ ಕಾಣುತ್ತಿತ್ತು. ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನಗೆ ಬೇಕಾದ ಸಂಖ್ಯೆ ಕೊಟ್ಟುಕೊಂಡಿತ್ತು. ಯುನಿಕೋಡ್ ಎಂಬ ಒಪ್ಪಂದ ಇದಕ್ಕೆ ಪರಿಹಾರ. ಅದರಲ್ಲಿ ಜಗತ್ತಿನ ಎಲ್ಲ ಕಂಪ್ಯೂಟರಿಗೂ 'ಅ' ಎಂದರೆ 3205, 'ಜ' ಎಂದರೆ 3228, ಒತ್ತಿನ ಕೊಂಡಿ ಎಂದರೆ 3277. ಹಾಗಾದರೆ 3205, 3228, 3277, 3228 ಎಂದರೆ ಯಾರು? ನಮ್ಮ ಅಜ್ಜನೇ! ಚನ್ನಗಿರಿಯಲ್ಲಿ ಬರೆದದ್ದು ಅಮೆರಿಕದ ಮೊಮ್ಮಗಳ ಮೊಬೈಲಿನಲ್ಲಿ ಹಾಗೇ ಕಾಣುವುದು ಈ ಒಪ್ಪಂದದಿಂದ.

ರಾವ್ ಅವರಂತೆ ಹಂಚಿ ಬೆಳೆಸಿದವರು ಇನ್ನೂ ಇದ್ದಾರೆ. ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ವೆಬ್ಬನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದು ಎಂದು ಸಾರಿತು. 1991ರಲ್ಲಿ ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಇಂದು ಜಗತ್ತಿನ ಬಹುಪಾಲು ದೊಡ್ಡ ಸರ್ವರುಗಳನ್ನು ನಡೆಸುತ್ತದೆ. ಅದರ ಒಳಗೆ ಏನಿದೆ ಎಂದು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಜನರ ದುಡ್ಡಿನಲ್ಲಿ ಕಟ್ಟಿದ ತಂತ್ರಾಂಶವೂ ಊರ ಕೆರೆಯಂತೆ ಎಲ್ಲರದಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಸವೆದ ಬೆರಳು

ಮತ್ತೆ ಅಜ್ಜಿಯ ಹತ್ತಿರ ಹೋಗೋಣ. ಅಡಿಕೆ ಸುಲಿದು ಸುಲಿದು, ಕಳೆ ಕಿತ್ತು ಕಿತ್ತು, ಪಾತ್ರೆ ತಿಕ್ಕಿ ತಿಕ್ಕಿ ಹಿರಿಯರ ಬೆರಳ ಗೆರೆಗಳು ಸವೆದುಹೋಗಿರುತ್ತವೆ. ಯಂತ್ರ ಆ ಬೆರಳನ್ನು ಗುರುತಿಸುವುದಿಲ್ಲ. ಜೀವಮಾನವೆಲ್ಲ ದುಡಿದವರಿಗೇ "ನೀವು ನೀವಲ್ಲ" ಎನ್ನುತ್ತದೆ! ಇದು ಬೆರಳಿನ ತಪ್ಪಲ್ಲ. ಎಳೆಯರ ಬೆರಳನ್ನು ಮಾತ್ರ ನೆನೆದು ಯಂತ್ರ ಮಾಡಿದ ನಮ್ಮಂಥವರ ತಪ್ಪು.

ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಸರ್ಕಾರದ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಕಣ್ಣಿನ ಪಾಪೆಯ ಗುರುತು, ಮೊಬೈಲಿಗೆ ಬರುವ ಒಟಿಪಿಯಂಥ ಬೇರೆ ದಾರಿಗಳೂ ಇವೆ. ಈ ವಿಷಯ ಸಾಲಿನಲ್ಲಿ ನಿಂತ ಅಜ್ಜಿಗೆ ಗೊತ್ತಿರಲಿಲ್ಲ. ನಿಮಗೆ ಈಗ ಗೊತ್ತಾಯಿತು.

ಆದ್ದರಿಂದ ಶಾಲೆಗೆ ರಜೆ ಇರುವ ದಿನ ಅಜ್ಜ ಅಜ್ಜಿಯರ ಜೊತೆ ನೀವೂ ಹೋಗಿ. ಒಂದು ಪುಟ್ಟ ನೋಟುಪುಸ್ತಕ ಇಟ್ಟುಕೊಳ್ಳಿ. ಹೋದ ದಿನ, ಅರ್ಜಿಯ ಸಂಖ್ಯೆ, ಯಂತ್ರದ ಪರದೆಯ ಮೇಲೆ ಬಂದ ಮಾತು, ಇಷ್ಟನ್ನು ಬರೆದುಕೊಳ್ಳಿ. "ಯಾವುದು ಕೆಟ್ಟಿದೆ ಅಣ್ಣಾ? ಬೇರೆ ದಾರಿ ಇದೆಯಾ?" ಎಂದು ವಿನಯದಿಂದ ಕೇಳಿ. ಅಂಗಡಿಯವರ ಮೇಲೆ ರೇಗಬೇಡಿ, ಎಷ್ಟೋ ಸಲ ಅವರೂ ನಿಮ್ಮಷ್ಟೇ ಕಾದಿರುತ್ತಾರೆ. ಫೋನಿನಲ್ಲಿ ಯಾರೇ ಕೇಳಿದರೂ ಒಟಿಪಿ ಮಾತ್ರ ಹೇಳಬೇಡಿ, ಅಜ್ಜಿಗೂ ಹೇಳಬೇಡ ಎನ್ನಿ.

ಮೂರು ದಿನ ಬಿಟ್ಟು ಅದೇ ಅಂಗಡಿಯ ಮುಂದೆ ಹೋಗುತ್ತಿದ್ದೆ. ಅಜ್ಜಿ ಅಕ್ಕಿಯ ಚೀಲ ಕೆಳಗಿಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಆರನೇ ಕ್ಲಾಸಿನ ಮೊಮ್ಮಗಳು ನಿಂತಿದ್ದಳು.

"ಏನಜ್ಜಿ, ಸರ್ವರ್ ಬಂದನಾ?" ಎಂದೆ.

"ಬಂದ ಕಣಪ್ಪಾ," ಎಂದಳು ಅಜ್ಜಿ. "ಒಂದು ಬೆರಳು ಆಗ್ಲಿಲ್ಲ, ಇನ್ನೊಂದು ಬೆರಳು ಇಡಜ್ಜಿ ಅಂತ ಈ ಹುಡುಗಿ ಹೇಳಿದ್ಲು. ಇಟ್ಟೆ, ಆಯ್ತು. ಆದ್ರೂ ಒಂದು ಮಾತು ಹೇಳು ಅವನಿಗೆ. ರಜಾ ಹಾಕೋದಾದ್ರೆ ಮುಂಚೆನೇ ಹೇಳಿ ಹಾಕ್ಲಿ."

ಹೇಳುತ್ತೇನೆ ಅಜ್ಜಿ ಎಂದೆ. ಅದಕ್ಕೇ ಇದನ್ನು ಬರೆದೆ.