ಉಕ್ಕುನಗರದ ಮಕ್ಕಳು

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ವಸತಿ ಬಡಾವಣೆಯ ಹೆಸರು ಉಕ್ಕುನಗರಂ. ತೆಲುಗಿನಲ್ಲೂ ಕನ್ನಡದಲ್ಲೂ ಉಕ್ಕು ಉಕ್ಕೇ. ಇಂಥ ಕಡೆ ಬೆಳೆಯುವ ಹೊರನಾಡ ಮಕ್ಕಳಿಗೆ ಮನೆಮಾತು ಒಂದು, ಬೀದಿಯ ಮಾತು ಇನ್ನೊಂದು. ಕನ್ನಡದ ಮನೆಯ ಮಗು ‘ಅಮ್ಮ’ ಎಂದು ಬರೆದರೆ ಎರಡೂ ಲಿಪಿಯಲ್ಲಿ ಅಕ್ಷರಗಳು ಹೆಚ್ಚುಕಡಿಮೆ ಒಂದೇ. ತಲಕಟ್ಟು ಮಾತ್ರ ಬೇರೆ.

‘ನಾನು ಯಾವ ಕಡೆಯವನು?’ ಎಂಬ ಪ್ರಶ್ನೆ ಕಾಡುವುದು ಹದಿಹರೆಯದಲ್ಲಿ. ಮನಶ್ಶಾಸ್ತ್ರಜ್ಞೆ ಜೀನ್ ಫಿನ್ನಿ 1989ರಲ್ಲಿ ಇದಕ್ಕೆ ಉತ್ತರ ಕಂಡುಕೊಳ್ಳುವ ಮೂರು ಘಟ್ಟ ಗುರುತಿಸಿದರು: ಯೋಚಿಸದೆ ಇರುವುದು, ಹುಡುಕಾಟ, ಕೊನೆಗೆ ತನ್ನದೆಂಬ ನೆಲೆ. ಹುಡುಕಾಟದಲ್ಲಿರುವ ಮಕ್ಕಳನ್ನು ಒಂದೇ ಕಡೆಗೆ ಎಳೆಯಬಾರದು.

ಕನ್ನಡ-ತೆಲುಗಿನ ಈ ಬೆರಕೆ ಹಳೆಯದು. ವಿಜಯವಾಡದ ಆಸುಪಾಸಿನ ವೆಂಗಿ ನಾಡಿನ ಮನೆತನದ ಪಂಪ 941ರಲ್ಲಿ ಕನ್ನಡದಲ್ಲಿ ‘ಆದಿಪುರಾಣ’ ಬರೆದ; ಅವನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಪದ್ಯ ಕೆತ್ತಿಸಿದ.